ಜಗಲಿಯ ಮಣ್ಣುಗೂಡಿಗೆ ಬಂದ ನವಿಲುಬಣ್ಣದ ಕಣಜ ಯಾವುದು?

ಪ್ರಶ್ನೆ: ನಮಸ್ಕಾರ ಮೇಡಂ. ನಮ್ಮದು ತೀರ್ಥಹಳ್ಳಿ ಹತ್ತಿರದ ಒಂದು ಹಳ್ಳಿ. ಜಗಲಿಯ ಗೋಡೆಯಲ್ಲಿ ಕುಂಬಾರ ಹುಳ ಕಟ್ಟಿದ ಮಣ್ಣಿನ ಗೂಡಿದೆ. ಕಳೆದ ವಾರ ಬೆಳಿಗ್ಗೆ ಹನ್ನೊಂದರ ಬಿಸಿಲಿನಲ್ಲಿ ನವಿಲುಗರಿಯ ಬಣ್ಣದ ಒಂದು ಹುಳ ಬಂದು ಆ ಗೂಡಿನ ಮೇಲೆ ಕೂತು ಮೀಸೆಯಿಂದ ತಟ್ಟಿ ತಟ್ಟಿ ನೋಡುತ್ತಿತ್ತು. ಮುಂಭಾಗ ಹಸಿರು, ಬಾಲದ ತುದಿ ಕಡುನೀಲಿ. ಸ್ಕೇಲ್ ಪಕ್ಕದಲ್ಲಿ ಹಿಡಿದು ನೋಡಿದಾಗ ಒಂದೂವರೆ ಸೆಂಟಿಮೀಟರ್ ಇತ್ತು. ಮಗಳು ಕಡ್ಡಿಯಿಂದ ಮುಟ್ಟಿದ್ದೇ ತಡ, ಗೋಲಿಯಂತೆ ಮುದುಡಿ ಕೆಳಗೆ ಬಿತ್ತು. ನಾಲ್ಕು ಫೋಟೊ ಕಳಿಸಿದ್ದೇನೆ. ಇದು ಯಾವ ಹುಳ? ಕುಟುಕುತ್ತದೆಯೇ? ಗೂಡನ್ನು ಕೆಡವಬೇಕೇ? ಮಗಳು ಇದರ ವಿವರಣೆಯನ್ನು ತನ್ನ ನೋಟ್‌ಬುಕ್ಕಿನಲ್ಲಿ ಬರೆದಿಡಬೇಕು ಅಂತಿದ್ದಾಳೆ. ಹೇಗೆ ಬರೆಯಬೇಕು?

ಉತ್ತರ: ನಿಮ್ಮ ಮೂರನೆಯ ಫೋಟೊ ಇಲ್ಲದಿದ್ದರೆ ನಾನು ‘ಯಾವುದೋ ಒಂದು ಕೋಗಿಲೆ ಕಣಜ’ ಎಂದಷ್ಟೇ ಹೇಳಬೇಕಾಗುತ್ತಿತ್ತು. ಆ ಫೋಟೊದಲ್ಲಿ ಹುಳದ ಹಿಂಬದಿ ಸ್ಪಷ್ಟವಾಗಿ ಬಂದಿದೆ. ಅದನ್ನು ನಂಬಿಕೊಂಡು ಹೇಳುತ್ತೇನೆ, ಇದು ಸ್ಟಿಲ್ಬಮ್ ಸಯಾನ್ಯೂರಮ್.

ಕೋಗಿಲೆ ಕಣಜ ಅನ್ನುವುದು ಒಂದು ಹುಳದ ಹೆಸರಲ್ಲ, ಕ್ರಿಸಿಡಿಡೇ ಎಂಬ ಇಡೀ ಕುಟುಂಬದ ಹೆಸರು. ಜಗತ್ತಿನಲ್ಲಿ ಇದರ ಸುಮಾರು 3000 ಪ್ರಭೇದಗಳಿವೆ. ಕೋಗಿಲೆ ಕಾಗೆಯ ಗೂಡನ್ನು ಹುಡುಕಿಕೊಂಡು ಹೋಗುವ ಹಾಗೆ ಇವುಗಳಲ್ಲಿ ಹೆಚ್ಚಿನವು ಬೇರೆ ಕಣಜಗಳ, ಒಂಟಿ ಜೇನುಗಳ ಗೂಡಿಗೆ ಹೋಗಿ ಮೊಟ್ಟೆ ಇಡುತ್ತವೆ. ನಿಮ್ಮ ಹುಳ ಮೀಸೆಯಿಂದ ಮಣ್ಣನ್ನು ತಟ್ಟುತ್ತಿದ್ದದ್ದು ಆ ಹುಡುಕಾಟವೇ.

ಮೊದಲು ಬಣ್ಣದ ವಿಷಯ. ಇಂಥ ಹುಳ ಕಂಡವರೆಲ್ಲ ‘ಹಸಿರು ಮೈ, ನೀಲಿ ಬಾಲ’ ಎಂದು ಬರೆದು ಕಳಿಸಿ ಹೆಸರು ಕೇಳುತ್ತಾರೆ. ಬಣ್ಣವೊಂದನ್ನೇ ನಂಬಿ ಹೆಸರು ಹೇಳಲು ಹೋದರೆ ತಪ್ಪುತ್ತದೆ. ಇವುಗಳ ಮೈಯಲ್ಲಿ ಹಸಿರು, ನೀಲಿ ಎಂಬ ಬಣ್ಣದ್ರವ್ಯವೇ ಇಲ್ಲ. ಮೇಲ್ಪೊರೆಯಲ್ಲಿ ಅತಿ ತೆಳುವಾದ ಪದರಗಳು ಒಂದರ ಮೇಲೊಂದು ಕೂತಿವೆ. ಬೆಳಕು ಒಂದೊಂದು ಪದರದಿಂದಲೂ ಮರಳಿ ಬರುವಾಗ ಕೆಲವು ಬಣ್ಣಗಳು ಸೇರಿ ಗಾಢವಾಗುತ್ತವೆ, ಕೆಲವು ಅಳಿಸಿಹೋಗುತ್ತವೆ. ಸೋಪಿನ ಗುಳ್ಳೆಯ ಮೇಲೆ, ಮಳೆಗಾಲದಲ್ಲಿ ರಸ್ತೆಗೆ ಚೆಲ್ಲಿದ ಎಣ್ಣೆಯ ಮೇಲೆ ಕಾಣುವುದೂ ಇದೇ ಆಟ. ಹಾಗಾಗಿ ನೋಡುವ ಕೋನ ಬದಲಾದರೆ ಬಣ್ಣವೂ ಬದಲಾಗುತ್ತದೆ. ನಿಮ್ಮ ಒಂದನೆಯ ಫೋಟೊದಲ್ಲಿ ಎದೆ ಹಸಿರು, ನಾಲ್ಕನೆಯದರಲ್ಲಿ ಅದೇ ಎದೆ ನೀಲಿ. ಎರಡು ಹುಳಗಳೇನೋ ಎಂದು ನಿಮಗೆ ಅನಿಸಬಹುದು, ಅಲ್ಲ, ಒಂದೇ. ಬಣ್ಣದ್ರವ್ಯ ಇಲ್ಲದಿರುವುದರಿಂದ ಮಾಸುವ ಭಯವೂ ಕಡಿಮೆ. ಸಂಗ್ರಹಾಲಯಗಳಲ್ಲಿ ನೂರು ವರ್ಷ ದಾಟಿದ ಕೋಗಿಲೆ ಕಣಜಗಳು ಇವತ್ತಿಗೂ ನಿನ್ನೆ ಹಿಡಿದಂತೆ ಮಿರುಗುತ್ತವೆ.

ಹಾಗಾದರೆ ಏನನ್ನು ನೋಡಬೇಕು? ಬಾಲದ ತುದಿಯನ್ನು. ಸಾಮಾನ್ಯ ಕಣಜದ ಹೊಟ್ಟೆಯಲ್ಲಿ ಆರೇಳು ಪಟ್ಟಿಗಳು ಕಾಣುತ್ತವೆ. ಈ ಗುಂಪಿನಲ್ಲಿ ಮೇಲಿನಿಂದ ಕಾಣುವುದು ಮೂರೇ. ಉಳಿದವು ಹಳೇ ರೇಡಿಯೊದ ಏರಿಯಲ್ ಹಾಗೆ ಒಂದರೊಳಗೊಂದು ಸೇರಿ ಒಳಗಿರುತ್ತವೆ. ಹೆಣ್ಣು ಮೊಟ್ಟೆ ಇಡುವಾಗ ಮಾತ್ರ ಕೊಳವೆಯಾಗಿ ಹೊರಗೆ ಚಾಚಿಕೊಳ್ಳುತ್ತವೆ. ಮೂರನೆಯ ಪಟ್ಟಿಯ ಅಂಚಿನಲ್ಲಿ ಗರಗಸದಂತೆ ಹಲ್ಲುಗಳಿವೆಯೇ, ಇದ್ದರೆ ಎಷ್ಟು ಎಂದು ಎಣಿಸಬೇಕು. ಟ್ರೈಕ್ರೈಸಿಸ್ ಕುಲದಲ್ಲಿ ಮೂರು, ಪ್ರೆಸ್ಟೋಕ್ರೈಸಿಸ್ ಕುಲದಲ್ಲಿ ಐದು, ಹೆಕ್ಸಾಕ್ರೈಸಿಸ್ ಕುಲದಲ್ಲಿ ಆರು. ನಿಮ್ಮದರಲ್ಲಿ ನಾಲ್ಕಿವೆ.

ನಾಲ್ಕು ಹಲ್ಲಿದ್ದ ಮಾತ್ರಕ್ಕೆ ಸ್ಟಿಲ್ಬಮ್ ಆಗಿಬಿಡುವುದಿಲ್ಲ. ಕ್ರೈಸಿಸ್ ಎಂಬ ದೊಡ್ಡ ಕುಲದಲ್ಲೂ ನಾಲ್ಕು ಹಲ್ಲಿನವು ಬೇಕಾದಷ್ಟಿವೆ. ಇಲ್ಲಿ ನನ್ನ ಸಂಶಯ ಬಿಡಿಸಿದ್ದು ನಿಮ್ಮ ಎರಡನೆಯ ಫೋಟೊ, ಪಕ್ಕದಿಂದ ತೆಗೆದದ್ದು. ಎದೆಯ ಹಿಂತುದಿಯಲ್ಲಿ, ಹೊಟ್ಟೆ ಶುರುವಾಗುವ ಮುಂಚೆ, ಒಂದು ಚಾಚು ಹಿಂದಕ್ಕೆ ನಿಂತಿದೆ ನೋಡಿ. ಅದರ ಮೇಲ್ಭಾಗ ಚಮಚದಂತೆ ತಗ್ಗಾಗಿದೆ. ಅದು ಸ್ಟಿಲ್ಬಮ್ ಕುಲದ ಗುರುತು. ಜೊತೆಗೆ ದಪ್ಪ ಮೈಗೆ ಸಣ್ಣದೆನಿಸುವ ತಲೆ, ಒಂದೂವರೆ ಸೆಂಟಿಮೀಟರ್ ಗಾತ್ರ. ಕೋಗಿಲೆ ಕಣಜಗಳಲ್ಲಿ ಬಹಳಷ್ಟು ಅದರ ಅರ್ಧದಷ್ಟೂ ಇರುವುದಿಲ್ಲ, ಸ್ಟಿಲ್ಬಮ್ ಈ ಕುಟುಂಬದ ದೈತ್ಯರಲ್ಲಿ ಒಂದು.

ಹೆಸರಿನ ಅರ್ಥ ಮಗಳಿಗೆ ಇಷ್ಟವಾಗಬಹುದು. ಗ್ರೀಕ್ ಭಾಷೆಯಲ್ಲಿ ‘ಸ್ಟಿಲ್ಬೋಸ್’ ಎಂದರೆ ಹೊಳೆಯುವಂಥದು, ‘ಸಯಾನ್ಯೂರಮ್’ ಎಂದರೆ ನೀಲಿ ಬಾಲದ್ದು. ನೀವು ಬಾಲ ನೀಲಿ ಎಂದು ಗುರುತಿಸಿದಂತೆಯೇ 1771ರಲ್ಲಿ ನಿಸರ್ಗ ವಿಜ್ಞಾನಿ ಯೋಹಾನ್ ರೈನ್‌ಹೋಲ್ಡ್ ಫಾರ್ಸ್ಟರ್ ಕೂಡ ಗುರುತಿಸಿ ಹೆಸರಿನ ಈ ಎರಡನೆಯ ಭಾಗವನ್ನು ಇಟ್ಟರು. ಮರುವರ್ಷವೇ ಅವರು ಕ್ಯಾಪ್ಟನ್ ಕುಕ್ ಜೊತೆ ಹಡಗು ಹತ್ತಿದರು. ಬಣ್ಣ ನಂಬಬಾರದು ಎಂದೆನಲ್ಲ, ಅದಕ್ಕೆ ಈ ಹುಳವೇ ಸಾಕ್ಷಿ. ದಕ್ಷಿಣ ಯುರೋಪು, ಆಫ್ರಿಕಾದಿಂದ ನಮ್ಮಲ್ಲಿಗೆ, ಅಲ್ಲಿಂದ ಆಸ್ಟ್ರೇಲಿಯಾವರೆಗೆ ಹರಡಿರುವ ಇದಕ್ಕೆ ಮೆಡಿಟರೇನಿಯನ್ ಕಡೆ ಹೊಟ್ಟೆ ಕೆಂಪು ಚಿನ್ನದ ಬಣ್ಣಕ್ಕಿರುವ ರೂಪಗಳೂ ಇವೆ.

ಕುಟುಕುವ ಭಯ ಬೇಡ. ಬೇರೆ ಕಣಜಗಳಲ್ಲಿ ಚುಚ್ಚುವ ಮುಳ್ಳಾಗಿರುವ ಅಂಗ ಇವುಗಳಲ್ಲಿ ಮೊಟ್ಟೆ ಇಡುವ ಕೊಳವೆಯ ಕೆಲಸಕ್ಕೆ ಸೇರಿಹೋಗಿದೆ, ನೋವು ಕೊಡುವ ವಿಷ ಚುಚ್ಚುವ ಶಕ್ತಿ ಇಲ್ಲ. ಅದರ ರಕ್ಷಣೆಯೆಲ್ಲ ಆ ಚರ್ಮದಲ್ಲೇ ಇದೆ. ಹೊಲಿಯುವವರು ಬೆರಳಿಗೆ ಹಾಕುವ ಟೋಪಿಯಂತೆ ಕುಳಿ ಕುಳಿಯಾದ ದಪ್ಪ ಕವಚ, ಹೊಟ್ಟೆಯ ತಳ ಒಳಕ್ಕೆ ತಗ್ಗು. ಅಪಾಯ ಎನಿಸಿದರೆ ಕಾಲು ಮೀಸೆಗಳನ್ನು ಆ ತಗ್ಗಿನೊಳಗೆ ಮಡಚಿಟ್ಟು ಗೋಲಿಯಾಗುತ್ತದೆ. ಗೂಡಿನ ಒಡತಿ ಮರಳಿ ಬಂದು ಕಚ್ಚಿದರೂ ಕುಟುಕಿದರೂ ಒಳಗೆ ತಾಗುವುದು ಕಷ್ಟ.

ಇನ್ನು ಗೂಡು. ನಿಮ್ಮ ಗೋಡೆಯ ಮೇಲಿನದು ಸ್ಕೆಲಿಫ್ರಾನ್ ಕುಲದ ಕುಂಬಾರ ಕಣಜದ್ದು, ಕಪ್ಪು ಹಳದಿ ಮೈ, ದಾರದಂಥ ಸೊಂಟ. ಅದು ಜೇಡಗಳನ್ನು ಕುಟುಕಿ, ಕೈಕಾಲು ಆಡದಂತೆ ಮಾಡಿ, ಒಂದೊಂದು ಕೋಣೆಯಲ್ಲಿ ತುಂಬಿ, ಮೊಟ್ಟೆ ಇಟ್ಟು ಮಣ್ಣಿನಿಂದ ಮುಚ್ಚುತ್ತದೆ. ಸ್ಟಿಲ್ಬಮ್ ಹೆಣ್ಣು ಆ ಮುಚ್ಚಿದ ಮಣ್ಣಿನ ಗೋಡೆಗೆ ಸಣ್ಣ ತೂತು ಕೊರೆದು ಒಳಗೆ ತನ್ನ ಮೊಟ್ಟೆ ಸೇರಿಸುತ್ತದೆ. ಅದರ ಮರಿಗೆ ಜೇಡ ಬೇಕಿಲ್ಲ. ಜೇಡ ತಿಂದು ಕೊಬ್ಬಿದ ಕುಂಬಾರನ ಮರಿಯೇ ಅದರ ಊಟ. ಕೋಗಿಲೆ ಕಣಜಗಳಲ್ಲೇ ಬೇರೆ ಕೆಲವು ಮನೆಯವರ ಮೊಟ್ಟೆಯನ್ನು ಮೊದಲು ಮುಗಿಸಿ, ಆಮೇಲೆ ಕೂಡಿಟ್ಟ ಆಹಾರವನ್ನು ತಿನ್ನುತ್ತವೆ. ಕೋಗಿಲೆ ಎಂಬ ಹೆಸರು ಅವುಗಳಿಗೆ ಇನ್ನೂ ಚೆನ್ನಾಗಿ ಒಪ್ಪುತ್ತದೆ.

ಇದನ್ನು ಬರೆಯುವಾಗಲೆಲ್ಲ ನನಗೆ ಕೀಟ-ಭ್ರಮರ ನ್ಯಾಯ ನೆನಪಾಗುತ್ತದೆ. ಕುಂಡಲಿಗ ಎಂಬ ಹುಳ ಒಂದು ಕೀಡೆಯನ್ನು ತಂದು ಗೂಡಿನಲ್ಲಿಟ್ಟರೆ, ಆ ಕೀಡೆ ಅದನ್ನೇ ಧ್ಯಾನಿಸುತ್ತಾ ಕೊನೆಗೆ ಕುಂಡಲಿಗವೇ ಆಗಿ ಹೊರಬರುತ್ತದೆ ಎಂಬ ನಂಬಿಕೆ. ಗುರು-ಶಿಷ್ಯರ ಮಾತು ಬಂದಾಗ ವಚನಕಾರರೂ ಇದನ್ನು ಬಳಸಿದ್ದಾರೆ. ಮಣ್ಣುಗೂಡನ್ನು ಹತ್ತಿರದಿಂದ, ತಾಳ್ಮೆಯಿಂದ ನೋಡಿದವರು ಕಟ್ಟಿದ ಮಾತು ಅದು ಎಂದು ನನಗೆ ಅನಿಸುತ್ತದೆ. ಕೀಡೆ ಒಳಗೆ ಹೋದದ್ದನ್ನೂ ಕಣಜ ಹೊರಬಂದದ್ದನ್ನೂ ಅವರು ಸರಿಯಾಗಿಯೇ ಕಂಡಿದ್ದರು. ಕಾಣದೆ ಉಳಿದದ್ದು ಒಳಗಿದ್ದ ಮೊಟ್ಟೆ ಮಾತ್ರ.

ಗೂಡನ್ನು ದಯವಿಟ್ಟು ಕೆಡವಬೇಡಿ. ಕುಂಬಾರ ಕಣಜ ತಾನಾಗಿ ಮೇಲೆ ಬಿದ್ದು ಯಾರನ್ನೂ ಕುಟುಕುವುದಿಲ್ಲ, ಗುಂಪು ಕಟ್ಟಿ ಗೂಡು ಕಾಯುವ ಕಡಜದಂತಲ್ಲ. ಸ್ವಿಚ್‌ಬೋರ್ಡಿನಲ್ಲೋ ಬಾಗಿಲ ಬಿಜಾಗರಿಯಲ್ಲೋ ಕಟ್ಟಿ ತೊಂದರೆಯಾಗಿದ್ದರೆ, ಪೂರ್ತಿ ಮುಚ್ಚಿದ ಗೂಡನ್ನು ಚಾಕುವಿನಿಂದ ನಿಧಾನ ಎಬ್ಬಿಸಿ ಗಾಜಿನ ಬಾಟಲಿಯಲ್ಲಿಟ್ಟು, ಬಾಯಿಗೆ ತೆಳು ಬಟ್ಟೆ ಕಟ್ಟಿ ನೆರಳಲ್ಲಿಡಿ. ಒಳಗಿಂದ ಯಾರು ಹೊರಬರುತ್ತಾರೆ ಎಂದು ಮಗಳು ದಿನಾ ನೋಡಲಿ. ಯಾವ ಗೂಡಿನಿಂದ ಯಾವ ಕೋಗಿಲೆ ಕಣಜ ಬಂತು ಎಂಬ ದಾಖಲೆ ಒಳ್ಳೆಯ ಫೋಟೊಗಿಂತಲೂ ಬೆಲೆಬಾಳುವಂಥದ್ದು. ಬಂದವರನ್ನು ಅದೇ ದಿನ ಹೊರಗೆ ಬಿಡಿ.

ವಿವರಣೆ ಬರೆಯುವಾಗ ‘ತುಂಬಾ ಸುಂದರ’ ಎಂಬಂಥ ಮಾತು ಕೊನೆಗಿರಲಿ, ಅಳತೆ ಮೊದಲಿರಲಿ. ನಿಮ್ಮ ಫೋಟೊ ನೋಡಿ ನಾನು ಬರೆಯುವುದಾದರೆ ಹೀಗೆ ಬರೆಯುತ್ತೇನೆ: “ಉದ್ದ ಸುಮಾರು 15 ಮಿ.ಮೀ. ತಲೆ, ಎದೆ ಹಸಿರು-ನೀಲಿ, ನೋಡುವ ಕೋನದಂತೆ ಬದಲಾಗುತ್ತದೆ. ಹೊಟ್ಟೆಯಲ್ಲಿ ಕಾಣುವ ಪಟ್ಟಿ 3, ಕೊನೆಯದು ಕಡುನೀಲಿ, ಅದರ ಅಂಚಿಗೆ ಮುಂಚೆ ಒಂದು ಸಾಲು ಕುಳಿ, ಅಂಚಿನಲ್ಲಿ 4 ಹಲ್ಲು. ಎದೆಯ ಹಿಂತುದಿಯಲ್ಲಿ ತಗ್ಗಾದ ಚಾಚು. ರೆಕ್ಕೆಗೆ ತಿಳಿಗಂದು ಛಾಯೆ. ಸ್ಕೆಲಿಫ್ರಾನ್ ಗೂಡಿನ ಮೇಲೆ, ಜಗಲಿ ಗೋಡೆ, ಬೆಳಿಗ್ಗೆ 11 ಗಂಟೆ, ಬಿಸಿಲು. ಮುಟ್ಟಿದಾಗ ಉಂಡೆಯಾಯಿತು.” ಇದಕ್ಕೆ ತಾರೀಖು, ಊರು ಸೇರಿಸಿ. ಕಾಣದ್ದನ್ನು ಊಹಿಸಿ ಬರೆಯಬಾರದು. ಹಲ್ಲು ಎಣಿಸಲಾಗದಿದ್ದರೆ ‘ಎಣಿಸಲಾಗಲಿಲ್ಲ’ ಎಂದೇ ಬರೆಯಲಿ. ಪ್ರಭೇದ ಗೊತ್ತಾಗದೆ ಕುಲದ ಹೆಸರಿಗೇ ನಿಲ್ಲುವುದು ಸೋಲಲ್ಲ, ನಾವೂ ವಾರಕ್ಕೆ ಹತ್ತು ಸಲ ಹಾಗೆ ನಿಲ್ಲುತ್ತೇವೆ. ಭಾರತದ ಕೋಗಿಲೆ ಕಣಜಗಳನ್ನು ಒಟ್ಟಾಗಿ ವಿವರಿಸಿದ ಬಿಂಗ್‌ಹ್ಯಾಮ್ ಅವರ ಸಂಪುಟ ಬಂದದ್ದು 1903ರಲ್ಲಿ. ಆ ವಿವರಣೆಗಳೂ ಹೀಗೆಯೇ ತಲೆಯಿಂದ ಬಾಲದವರೆಗೆ ಒಂದೊಂದೇ ಅಂಗವನ್ನು ನೋಡುತ್ತಾ ಸಾಗುತ್ತವೆ.

ಪ್ರಶ್ನೆ: ಹುಬ್ಬಳ್ಳಿಯ ನಮ್ಮ ಅಡುಗೆಮನೆಯಲ್ಲಿ ಹಸಿರು ಹೊಳಪಿನ ಒಂದು ಹುಳ ಜಿರಳೆಯ ಮೀಸೆ ಹಿಡಿದು ಎಳೆದುಕೊಂಡು ಹೋಗುತ್ತಿತ್ತು. ಇದೂ ಕೋಗಿಲೆ ಕಣಜವೇ ರೀ?

ಉತ್ತರ: ಅಲ್ಲ. ಅದು ಆಂಪ್ಯುಲೆಕ್ಸ್ ಕಂಪ್ರೆಸಾ, ಜಿರಳೆ ಬೇಟೆಯ ಕಣಜ. ಮುಂದಿನ ಸಲ ಕಂಡರೆ ತೊಡೆ ನೋಡಿ, ನಡುವಿನ ಮತ್ತು ಹಿಂದಿನ ಕಾಲುಗಳ ತೊಡೆ ಕೆಂಪಗಿರುತ್ತದೆ. ಮೈ ನೀಳ, ಮುದುಡಿ ಉಂಡೆಯಾಗುವುದಿಲ್ಲ. ಇದಕ್ಕೆ ಕುಟುಕಲು ಬರುತ್ತದೆ. ಜಿರಳೆಯ ಮಿದುಳಿಗೇ ವಿಷ ಚುಚ್ಚಿ, ಅದು ನಡೆಯಬಲ್ಲದು, ಆದರೆ ತಾನಾಗಿ ಓಡಲಾರದು ಎನ್ನುವ ಸ್ಥಿತಿಗೆ ತಂದು, ಬಿಲದೊಳಗೆ ಎಳೆದೊಯ್ದು ಮೊಟ್ಟೆ ಇಡುತ್ತದೆ. ಕೈಯಲ್ಲಿ ಹಿಡಿಯಬೇಡಿ, ಆದರೆ ಅಡುಗೆಮನೆಯಿಂದ ಓಡಿಸಲೂ ಬೇಡಿ.