ಪೇಟೆ ತೆರೆದಿದ್ದರೂ ಹಣ ಬಾರದ ದಿನ

ಷೇರು ಪೇಟೆಯ ಸಮಯ ಮತ್ತು ರಜೆಗಳ ಬಗ್ಗೆ ಈ ಅಂಕಣದಲ್ಲಿ ಹಿಂದೆಯೂ ಬರೆದಿದ್ದೇನೆ. ಆದರೂ ಅವೇ ಪ್ರಶ್ನೆಗಳು ಮತ್ತೆ ಬರುತ್ತಿವೆ. ಅದಕ್ಕೆ ಓದುಗರಿಗಿಂತ ಹೆಚ್ಚಾಗಿ ವಾಟ್ಸ್‌ಆ್ಯಪ್ ಗುಂಪುಗಳಲ್ಲಿ ಅರೆಬರೆ ಮಾಹಿತಿ ಹಂಚುವ ಸ್ವಯಂಘೋಷಿತ ಸಲಹೆಗಾರರೇ ಕಾರಣ. ಡಿಮ್ಯಾಟ್ ಖಾತೆ ಎಂದರೇನು, ಬ್ರೋಕರ್ ಎಂದರೆ ಯಾರು ಎಂಬುದನ್ನು ಇಲ್ಲಿ ವಿವರಿಸುವುದಿಲ್ಲ. ಅದನ್ನು ತಿಳಿಯದೆ ಹಣ ಹಾಕಿದವರು ಮೊದಲು ಅದನ್ನು ತಿಳಿದುಕೊಳ್ಳಬೇಕು.

ಯುಗಾದಿ, ರಾಜ್ಯೋತ್ಸವಗಳಂದು ನಮ್ಮೂರಿನ ಬ್ಯಾಂಕ್ ಮುಚ್ಚಿರುತ್ತದೆ. ಷೇರು ಪೇಟೆಗೂ ರಜೆಯೇ?

ದೇಶದ ಮುಖ್ಯ ಷೇರು ವಿನಿಮಯ ಕೇಂದ್ರಗಳಾದ (ಎಕ್ಸ್‌ಚೇಂಜ್) ಎನ್‌ಎಸ್‌ಇ ಮತ್ತು ಬಿಎಸ್‌ಇ ಎರಡೂ ಮುಂಬೈಯಲ್ಲಿವೆ, ಅವುಗಳ ರಜೆಯ ಪಟ್ಟಿ ಅವುಗಳದೇ. 2023ರ ನವೆಂಬರ್ 1 ಬುಧವಾರವಾಗಿತ್ತು, ಅಂದು ವಹಿವಾಟು ಎಂದಿನಂತೆ ನಡೆಯಿತು. 2024ರ ಯುಗಾದಿಯಂದು ಪೇಟೆ ತೆರೆದಿದ್ದದ್ದು ಮಾತ್ರವಲ್ಲ, ಸೆನ್ಸೆಕ್ಸ್ ಮೊದಲ ಬಾರಿಗೆ 75,000 ದಾಟಿದ್ದೂ ಅಂದೇ. ಅದೇ ವರ್ಷದ ಲೋಕಸಭಾ ಚುನಾವಣೆಯಲ್ಲಿ ಬೆಂಗಳೂರು ಮತ ಹಾಕಿದ ಏಪ್ರಿಲ್ 26ರಂದು ಪೇಟೆ ತೆರೆದಿತ್ತು, ಮುಂಬೈ ಮತ ಹಾಕಿದ ಮೇ 20ರಂದು ಮುಚ್ಚಿತ್ತು. ಗೋಡೆಯ ಕ್ಯಾಲೆಂಡರಿನ ಕೆಂಪು ಅಂಕಿಯನ್ನು ನಂಬಬೇಡಿ, ಎಕ್ಸ್‌ಚೇಂಜಿನ ಪಟ್ಟಿಯನ್ನು ನೋಡಿ. ಆ ಪಟ್ಟಿಯೂ ವರ್ಷದ ನಡುವೆ ಬದಲಾಗಬಹುದು. ಅಯೋಧ್ಯೆಯ ಪ್ರಾಣಪ್ರತಿಷ್ಠೆಯ ದಿನವಾದ 2024ರ ಜನವರಿ 22ರ ರಜೆ ಹಾಗೆಯೇ ಕೊನೆಯ ಗಳಿಗೆಯಲ್ಲಿ ಸೇರಿದ್ದು.

ಗುರುವಾರ ಮಾರಿದ ಷೇರಿನ ಹಣ ಸೋಮವಾರವೂ ಕೈಗೆ ಬರಲಿಲ್ಲ. ಸೋಮವಾರ ಪೇಟೆ ತೆರೆದಿತ್ತು. ಬ್ರೋಕರ್ ನನ್ನ ಹಣವನ್ನು ಬಳಸಿಕೊಳ್ಳುತ್ತಿದ್ದಾರೆಯೇ?

ಈ ಅನುಮಾನದಿಂದ ಬ್ರೋಕರ್ ಕಚೇರಿಯಲ್ಲಿ ಜಗಳವಾಡಿ, ದೂರನ್ನೂ ಕೊಟ್ಟು ಬಂದವರು ಬರೆಯುತ್ತಲೇ ಇದ್ದಾರೆ. ಹೀಗಾಗಿ ಇದನ್ನು ಸ್ವಲ್ಪ ವಿವರವಾಗಿಯೇ ಹೇಳಬೇಕಾಗಿದೆ.

ರಜೆಗಳಲ್ಲಿ ಎರಡು ಬಗೆ. ಟ್ರೇಡಿಂಗ್ ರಜೆಯಂದು ವಹಿವಾಟೇ ಇರುವುದಿಲ್ಲ. ಸೆಟಲ್‌ಮೆಂಟ್ ರಜೆಯಂದು ಬೆಳಗ್ಗೆ 9:15ರಿಂದ ಮಧ್ಯಾಹ್ನ 3:30ರವರೆಗೆ ಕೊಳ್ಳುವುದು, ಮಾರುವುದು ಎಂದಿನಂತೆ ನಡೆಯುತ್ತದೆ, ಆದರೆ ಹಿಂದಿನ ವಹಿವಾಟಿನ ಹಣ ಮತ್ತು ಷೇರುಗಳು ಕೈ ಬದಲಾಗುವುದಿಲ್ಲ. ವಹಿವಾಟಿನ ಮಾರನೆಯ ಕೆಲಸದ ದಿನವೇ ಲೆಕ್ಕ ಚುಕ್ತಾ ಆಗುವ ಟಿ+1 ಪದ್ಧತಿ 2023ರ ಜನವರಿ 27ರಿಂದ ಎಲ್ಲ ಷೇರುಗಳಿಗೂ ಅನ್ವಯವಾಗಿದೆ. ಎಲ್ಲರೂ ಮರೆಯುವ ಮಾತೆಂದರೆ, ಇಲ್ಲಿ ಎಣಿಸಬೇಕಾದದ್ದು ಪೇಟೆ ತೆರೆದಿರುವ ದಿನಗಳನ್ನಲ್ಲ, ಚುಕ್ತಾ ನಡೆಯುವ ದಿನಗಳನ್ನು.

2024ರ ಮಾರ್ಚ್ 28, ಗುರುವಾರ ಷೇರು ಮಾರಿದವರ ಸ್ಥಿತಿಯನ್ನು ನೋಡಿ. ಮರುದಿನ ಗುಡ್ ಫ್ರೈಡೇ, ಪೇಟೆಗೆ ರಜೆ. ಆಮೇಲೆ ಶನಿವಾರ, ಭಾನುವಾರ. ಸೋಮವಾರ ಏಪ್ರಿಲ್ 1ರಂದು ಪೇಟೆ ತೆರೆಯಿತು, ಆದರೆ ಅದು ಬ್ಯಾಂಕುಗಳು ವಾರ್ಷಿಕ ಲೆಕ್ಕ ಮುಗಿಸುವ ದಿನವಾದ್ದರಿಂದ ಚುಕ್ತಾ ಇರಲಿಲ್ಲ. ಗುರುವಾರದ ವಹಿವಾಟು ಚುಕ್ತಾ ಆದದ್ದು ಏಪ್ರಿಲ್ 2, ಮಂಗಳವಾರ. ಸೋಮವಾರ ಮಾರಿದವರ ಚುಕ್ತಾ ಕೂಡ ಅದೇ ಮಂಗಳವಾರ. ಬ್ರೋಕರ್ ಇಲ್ಲಿ ಯಾವ ಮೋಸವನ್ನೂ ಮಾಡಿಲ್ಲ. ಶಿವಾಜಿ ಜಯಂತಿಯಾದ ಫೆಬ್ರವರಿ 19 ಇಂಥದ್ದೇ ದಿನ: ಮಹಾರಾಷ್ಟ್ರದ ಬ್ಯಾಂಕುಗಳಿಗೆ ರಜೆ, ಪೇಟೆಗೆ ಇಲ್ಲ. 2025ರಲ್ಲಿ ಅದು ಬುಧವಾರ ಬಂದಿತ್ತು, ಮಂಗಳವಾರದ ಖರೀದಿ ಡಿಮ್ಯಾಟ್ ಖಾತೆಗೆ ಸೇರಿದ್ದು ಗುರುವಾರ.

ಯುಪಿಐ ಹಗಲಿರುಳು ನಡೆಯುವಾಗ, ಆರ್‌ಟಿಜಿಎಸ್ ಕೂಡ 2020ರ ಡಿಸೆಂಬರ್‌ನಿಂದ ದಿನದ 24 ಗಂಟೆ ಇರುವಾಗ ಇದೇಕೆ ನಿಲ್ಲಬೇಕು ಎಂದು ಕೆಲವರು ವಾದಿಸುತ್ತಾರೆ. ನೀವು ಅಣ್ಣನಿಗೆ ಹಣ ಕಳಿಸುವುದೂ ಇದೂ ಒಂದೇ ಅಲ್ಲ. ದೇಶದ ಎಲ್ಲ ಬ್ರೋಕರ್‌ಗಳ ಕೊಡು-ಕೊಳ್ಳುವಿಕೆಯನ್ನು ಕ್ಲಿಯರಿಂಗ್ ಕಾರ್ಪೊರೇಷನ್‌ಗಳು ಒಟ್ಟುಗೂಡಿಸಿ, ಕ್ಲಿಯರಿಂಗ್ ಬ್ಯಾಂಕುಗಳಲ್ಲಿ ಹಣವನ್ನೂ, ಷೇರುಗಳ ಲೆಕ್ಕ ಇಡುವ ಡಿಪಾಸಿಟರಿಗಳಲ್ಲಿ ಷೇರುಗಳನ್ನೂ ಜೊತೆಜೊತೆಯಾಗಿ ಚುಕ್ತಾ ಮಾಡಬೇಕು. ಆ ಬ್ಯಾಂಕುಗಳಿಗೆ ರಜೆಯಿದ್ದರೆ ಸರಪಳಿಯ ಒಂದು ಕೊಂಡಿ ಕಳಚಿದಂತೆ.

ಇದರಿಂದ ನಿಮಗಾಗುವ ತೊಂದರೆ ಮೂರು ಬಗೆಯದು. ಹಣ ತಡವಾಗುವುದು ಒಂದು. ಹಿಂದಿನ ದಿನದ ಇಂಟ್ರಾಡೇ (ಅಂದೇ ಕೊಂಡು ಅಂದೇ ಮಾರಿದ) ಲಾಭ ಅಥವಾ ಆಪ್ಷನ್ ಮಾರಾಟದ ಮೊತ್ತ ಖಾತೆಯಲ್ಲಿ ಕಂಡರೂ ಅದನ್ನು ಹೊಸ ಖರೀದಿಗೆ ಬಳಸಲು ಬ್ರೋಕರ್ ಬಿಡದಿರುವುದು ಇನ್ನೊಂದು. ನಿನ್ನೆ ಕೊಂಡದ್ದನ್ನು ಇಂದು ಮಾರುವ ಚಟವಿದ್ದವರಿಗೆ ಕಾದಿರುವುದು ಮೂರನೆಯದು. ನಿಮಗೆ ಮಾರಿದವರು ಷೇರು ಒಪ್ಪಿಸದಿದ್ದರೆ, ನೀವೂ ಒಪ್ಪಿಸಲಾಗದೆ, ಆ ಷೇರನ್ನು ಹರಾಜಿನಲ್ಲಿ ಕೊಂಡು ಕೊಡುವುದರ ನಷ್ಟ ಹೊರಬೇಕಾಗಬಹುದು. ಕೈಗೆ ಬಾರದ ಷೇರನ್ನು ಮಾರಲೇಬಾರದು ಎಂಬುದು ನನ್ನ ನಿಲುವು. ಅತಿ ಎಚ್ಚರ ಎಂದು ಯಾರಾದರೂ ಹೇಳಿದರೆ ಹೇಳಲಿ. ಮಕ್ಕಳ ಶುಲ್ಕಕ್ಕೋ, ನಿವೇಶನದ ನೋಂದಣಿಗೋ ಹಣ ಬೇಕಿದ್ದವರು, ಅದರಲ್ಲೂ ಮಾರ್ಚ್ ಕೊನೆಯಲ್ಲಿ, ಕನಿಷ್ಠ ಒಂದು ವಾರ ಮೊದಲೇ ಮಾರಿಕೊಳ್ಳಿ.

ದೀಪಾವಳಿಯ ಮುಹೂರ್ತ ವಹಿವಾಟಿನಲ್ಲಿ ಕೊಂಡ ಷೇರು ಕೈಬಿಡುವುದಿಲ್ಲವಂತೆ, ನಿಜವೇ?

ಲಕ್ಷ್ಮೀಪೂಜೆ ಮಾಡಿ, ಶ್ರದ್ಧೆಯಿಂದ ಒಂದೆರಡು ಷೇರು ಕೊಳ್ಳಿ. ಆದರೆ ಮುಹೂರ್ತಕ್ಕೆಂದು ಪೇಟೆ ವಿಶೇಷವಾಗಿ ತೆರೆಯುವ ಆ ಒಂದು ಗಂಟೆಯಲ್ಲಿ ಕೊಂಡ ಮಾತ್ರಕ್ಕೆ ಕೆಟ್ಟ ಕಂಪನಿ ಒಳ್ಳೆಯದಾಗುವುದಿಲ್ಲ. ಆ ಗಂಟೆ ಯಾವಾಗಲೂ ಸಂಜೆಯೇ ಇರುತ್ತದೆ ಎಂದೂ ತಿಳಿಯಬೇಡಿ, 2025ರಲ್ಲಿ ಅದು ಮಧ್ಯಾಹ್ನ 1:45ಕ್ಕೆ ಇತ್ತು.

ಶನಿವಾರ ಪೇಟೆ ಎಂದಿಗೂ ತೆರೆಯುವುದಿಲ್ಲವೇ?

ತೆರೆದದ್ದುಂಟು. 2025ರ ಫೆಬ್ರವರಿ 1ರಂದು ಬಜೆಟ್ಟಿಗಾಗಿ ಪೂರ್ತಿ ದಿನ ತೆರೆದಿತ್ತು.

ಪೇಟೆ ಮುಚ್ಚಿದ ಮೇಲೆ ರಾತ್ರಿ 8 ಗಂಟೆಗೆ 'ಸಾಂಸ್ಥಿಕ ಖಾತೆ'ಯ ಮೂಲಕ ಕಡಿಮೆ ಬೆಲೆಗೆ ಷೇರು ಕೊಡಿಸುತ್ತೇವೆ ಎನ್ನುತ್ತಾರೆ ಒಂದು ಗುಂಪಿನವರು. ಸೇರಬಹುದೇ?

ಸೇರಬೇಡಿ, ಇದು ಶುದ್ಧ ವಂಚನೆ. ರಾತ್ರಿ ಬ್ರೋಕರ್ ಆ್ಯಪ್‌ನಲ್ಲಿ ಹಾಕುವ ಆರ್ಡರ್ ಕೂಡ ಮರುದಿನ ಬೆಳಗ್ಗೆಯೇ ಎಕ್ಸ್‌ಚೇಂಜಿಗೆ ಹೋಗುತ್ತದೆ. ದೊಡ್ಡ ಸಂಸ್ಥೆಗಳು ಒಟ್ಟಿಗೆ ಭಾರಿ ಪ್ರಮಾಣದಲ್ಲಿ ಷೇರು ಕೊಂಡು-ಮಾರುವ ಬ್ಲಾಕ್ ಡೀಲ್‌ಗಳಿಗೂ ಇರುವುದು ಹಗಲಿನ ನಿಗದಿತ ಅವಧಿಯೇ. ವಿದೇಶಿ ಹೂಡಿಕೆದಾರ ಸಂಸ್ಥೆಗಳ ಹೆಸರಿನಲ್ಲಿ ಇಂಥ ಖಾತೆ ಮಾರುವವರ ಬಗ್ಗೆ ಷೇರು ಪೇಟೆಯ ನಿಯಂತ್ರಕ ಸಂಸ್ಥೆಯಾದ ಸೆಬಿ 2024ರ ಫೆಬ್ರವರಿಯಲ್ಲೇ ಎಚ್ಚರಿಕೆ ಕೊಟ್ಟಿದೆ. ಅವರ ಆ್ಯಪ್‌ನಲ್ಲಿ ಕಾಣುವ ಲಾಭ ಬರೀ ಪರದೆಯ ಮೇಲಿನ ಅಂಕಿ. ಅದನ್ನು ಹಿಂಪಡೆಯಲು ಹೋದಾಗ ಮೊದಲು ತೆರಿಗೆ ಕಟ್ಟಿ ಎಂದು ಇನ್ನಷ್ಟು ಸುಲಿಯುತ್ತಾರೆ. ಈಗಾಗಲೇ ಹಣ ಕಳಿಸಿದ್ದರೆ ನನಗೆ ಪತ್ರ ಬರೆದು ಉತ್ತರಕ್ಕೆ ಕಾಯಬೇಡಿ, ಈ ಕ್ಷಣವೇ ಸೈಬರ್ ವಂಚನೆಯ ಸಹಾಯವಾಣಿ 1930ಕ್ಕೆ ಕರೆ ಮಾಡಿ ಮತ್ತು ನಿಮ್ಮ ಬ್ಯಾಂಕಿಗೆ ತಿಳಿಸಿ.