ಕಂಪನಿಯ ದುಡ್ಡು, ಕಲಾವಿದರ ತಾಳ

ಓದುಗರ ಪತ್ರ: ಹೋದ ಸಂಚಿಕೆಯಲ್ಲಿ ಬ್ರಿಟನ್ನಿನ ‘ಆರ್ಟ್ಸ್ ಅಂಡ್ ಬಿಸಿನೆಸ್’ ಬಗ್ಗೆ ಹೊಗಳಿ ಬರೆದಿದ್ದೀರಿ. ಕಂಪನಿಗೂ ಕಲಾತಂಡಕ್ಕೂ ನಂಟು ಬೆಸೆಯಲು ಒಂದು ದತ್ತಿ ಸಂಸ್ಥೆ ಬೇರೆ ಬೇಕಾ? ದುಡ್ಡು ಕೊಟ್ಟವರ ತಾಳಕ್ಕೆ ಕಲಾವಿದ ಕುಣಿಯಬೇಕಾಗುತ್ತದೆ, ಅಷ್ಟೆ. ಅದರಿಂದ ಸಣ್ಣ ತಂಡಗಳಿಗೆ ಏನಾದರೂ ಸಿಕ್ಕಿದೆಯೇ?

ಸಂಪಾದಕರ ಉತ್ತರ: ನಿಮ್ಮ ಸಿಟ್ಟು ಅರ್ಥವಾಗುತ್ತದೆ. ಅರ್ಧ ಒಪ್ಪುತ್ತೇನೆ ಕೂಡ. ಆದರೆ ಪ್ರಾಯೋಜಕತ್ವ ಅನ್ನುವುದು ದಾನ ಅಲ್ಲ, ವ್ಯವಹಾರ. ಆ ದುಡ್ಡು ಬಹಳ ಸಲ ಕಂಪನಿಯ ಜಾಹೀರಾತು ಬಜೆಟ್ಟಿನಿಂದಲೇ ಬರುತ್ತದೆ. ಆ ವ್ಯವಹಾರಕ್ಕೆ ಕೂರುವಾಗ ಕಂಪನಿಯ ಕಡೆ ವಕೀಲರಿರುತ್ತಾರೆ, ಮಾರ್ಕೆಟಿಂಗ್ ತಂಡ ಇರುತ್ತದೆ. ನಾಟಕ ತಂಡದ ಕಡೆ ಇರುವುದು ಒಬ್ಬ ನಿರ್ದೇಶಕ, ಅವನ ತಲೆ ತುಂಬ ಮುಂದಿನ ವಾರದ ಪ್ರದರ್ಶನ. ಈ ಸಂಸ್ಥೆ ಕೆಲಸಕ್ಕೆ ಬಂದದ್ದು ಅಲ್ಲಿ. ಒಳ್ಳೆಯ ಮದುವೆ ದಲ್ಲಾಳಿಯ ಹಾಗೆ, ಎರಡೂ ಮನೆಯ ಅನುಕೂಲ ನೋಡಿ ಮಾತು ಮುಗಿಸುವುದು.

ಅದು ಹುಟ್ಟಿದ್ದು 1976ರಲ್ಲಿ. 1999ರವರೆಗೆ ಅದರ ಹೆಸರು ಬೇರೆ ಇತ್ತು: ‘ಅಸೋಸಿಯೇಷನ್ ಫಾರ್ ಬಿಸಿನೆಸ್ ಸ್ಪಾನ್ಸರ್‌ಶಿಪ್ ಆಫ್ ದಿ ಆರ್ಟ್ಸ್’, ಸಂಕ್ಷಿಪ್ತವಾಗಿ ‘ಎಬಿಎಸ್‌ಎ’ ಅನ್ನುತ್ತಿದ್ದರು. 1984ರಲ್ಲಿ ಅಲ್ಲಿನ ಸರ್ಕಾರ ಒಂದು ಯೋಜನೆಯನ್ನು ಇದರ ಕೈಗೆ ಕೊಟ್ಟಿತು. ಕಂಪನಿಯೊಂದು ಮೊದಲ ಸಲ ಕಲೆಗೆ ದುಡ್ಡು ಕೊಟ್ಟರೆ, ಸರ್ಕಾರವೂ ಅದಕ್ಕೆ ಸರಿಯಾಗಿ ಪೌಂಡಿಗೆ ಪೌಂಡ್ ಸೇರಿಸುತ್ತಿತ್ತು. ಒಮ್ಮೆ ಕೊಟ್ಟವರು ಮತ್ತೆ ಬಂದರೆ ಸರ್ಕಾರದ ಪಾಲು ಕಡಿಮೆ. ಲೆಕ್ಕಾಚಾರ ಸರಳ: ಹಳೇ ಗಿರಾಕಿ ಹೇಗೂ ಬರುತ್ತಾನೆ, ಹೊಸಬನನ್ನು ಕರೆತರುವುದೇ ಕಷ್ಟ.

ದುಡ್ಡಿಗಿಂತ ನನಗೆ ಹಿಡಿಸಿದ್ದು ಅವರ ‘ಬೋರ್ಡ್ ಬ್ಯಾಂಕ್’. ಕಂಪನಿಯಲ್ಲಿ ಕೆಲಸ ಮಾಡುವ ಲೆಕ್ಕಪರಿಶೋಧಕರನ್ನೋ ವಕೀಲರನ್ನೋ ಹುಡುಕಿ ಕಲಾಸಂಸ್ಥೆಯ ಆಡಳಿತ ಮಂಡಳಿಗೆ ಕೂರಿಸುವುದು. ಇದು ಸಪ್ಪೆ ಕೆಲಸದ ಹಾಗೆ ಕಾಣುತ್ತದೆ, ಅಲ್ವಾ? ರಿಹರ್ಸಲ್ ಹಾಲಿನ ಬಾಡಿಗೆ ಕರಾರನ್ನು ಒಂದು ಸಲ ಸಾಲು ಸಾಲಾಗಿ ಓದಬಲ್ಲವರು ಮಂಡಳಿಯಲ್ಲಿದ್ದರೆ ಆಗುವ ಉಪಕಾರ ದೊಡ್ಡದು. ಟಿಕೆಟ್ ದುಡ್ಡು ಕೈಗೆ ಬರುವ ಮೊದಲೇ ಲೈಟಿಂಗಿನವರಿಗೆ ಕೊಡಬೇಕು. ಆ ನಡುವಿನ ದಿನಗಳಲ್ಲೇ ತಂಡಗಳು ಮುಳುಗುವುದು. ಅದನ್ನು ಮೊದಲೇ ಲೆಕ್ಕ ಹಾಕಿ ಎಚ್ಚರಿಸುವವರು ಬೇಕು. ಇದಕ್ಕೆ ಲೋಗೋ ಹಾಕಬೇಕಾಗಿಲ್ಲ.

ಇನ್ನು ತಾಳದ ಮಾತು. ನೀವು ಹೇಳಿದ ಅಪಾಯ ಸುಳ್ಳಲ್ಲ, ಆದರೆ ಅದು ಬರುವ ದಾರಿ ಬೇರೆ ಅಂತ ನನಗನ್ನಿಸುತ್ತದೆ. ‘ಈ ನಾಟಕ ಆಡಬೇಡಿ’ ಅಂತ ಬಾಯಿಬಿಟ್ಟು ಹೇಳುವ ಕಂಪನಿ ಅಪರೂಪ. ಕಂಪನಿಗೆ ಬೇಕಿರುವುದು ಕಲೆಯ ಜೊತೆ ಬರುವ ಒಳ್ಳೆಯ ಹೆಸರು, ಅದೂ ಅಗ್ಗಕ್ಕೆ. ಲಂಡನ್ನಿನ ಟೇಟ್ ಗ್ಯಾಲರಿಗೆ ತೈಲ ಕಂಪನಿ ಬಿಪಿ ಎಷ್ಟು ಕೊಡುತ್ತಿತ್ತು ಅನ್ನುವುದು ಬಹಳ ಕಾಲ ಗುಟ್ಟಾಗಿತ್ತು. ಮಾಹಿತಿ ಹಕ್ಕಿನ ನ್ಯಾಯಮಂಡಳಿ ಆದೇಶ ಕೊಟ್ಟ ಮೇಲೆ, 2015ರಲ್ಲಿ ಲೆಕ್ಕ ಹೊರಬಂತು: 1990ರಿಂದ 2006ರವರೆಗೆ ವರ್ಷಕ್ಕೆ ಒಂದೂವರೆ ಲಕ್ಷದಿಂದ 3.3 ಲಕ್ಷ ಪೌಂಡ್. ಟೇಟ್‌ನಂಥ ಸಂಸ್ಥೆಗೆ ಇದು ಚಿಲ್ಲರೆ. ಇಷ್ಟಕ್ಕೆ ಅಷ್ಟು ದೊಡ್ಡ ಹೆಸರು ಮಾರಿಕೊಂಡರಾ ಅಂತ ಜನ ಕೇಳಿದ್ದು ಸರಿಯೇ. ಮರುವರ್ಷ, ಆ ನಂಟು 2017ಕ್ಕೆ ಮುಗಿಯುತ್ತದೆ ಅಂತ ಪ್ರಕಟವಾಯಿತು.

ಆದರೆ ಇದಕ್ಕೆ ಇನ್ನೊಂದು ಮುಖವೂ ಇದೆ. ರಾಯಲ್ ಶೇಕ್ಸ್‌ಪಿಯರ್ ಕಂಪನಿ ಅನ್ನುವ ನಾಟಕ ತಂಡದಲ್ಲಿ ಇದೇ ಬಿಪಿ ದುಡ್ಡಿನಿಂದ 16ರಿಂದ 25 ವಯಸ್ಸಿನವರಿಗೆ 5 ಪೌಂಡ್ ಟಿಕೆಟ್ ಸಿಗುತ್ತಿತ್ತು. ಆ ನಂಟು ಬೇಡ ಅಂತ 2019ರಲ್ಲಿ ಪತ್ರ ಬರೆದದ್ದು, ಭೂಮಿ ಬಿಸಿಯಾಗುವುದನ್ನು ತಡೆಯಿರಿ ಅಂತ ತರಗತಿ ಬಿಟ್ಟು ಹವಾಮಾನ ಮುಷ್ಕರಕ್ಕೆ ಇಳಿದಿದ್ದ ಶಾಲಾಮಕ್ಕಳು. ಅಗ್ಗದ ಟಿಕೆಟ್ಟು ಇದ್ದದ್ದೇ ಅಂಥ ಎಳೆಯರಿಗೆ! ತಂಡ ಅವರ ಮಾತು ಕೇಳಿತು, ಒಪ್ಪಂದವನ್ನು ಅವಧಿಗೆ ಮುಂಚೆಯೇ ಮುಗಿಸಿತು. ನಾನು ಮಕ್ಕಳ ಪಕ್ಷ. ಆದರೂ ಆ 5 ಪೌಂಡ್ ಟಿಕೆಟ್ಟಿನ ಹೊರೆ ಇನ್ನು ಯಾರು ಹೊರಬೇಕು ಅನ್ನುವ ಪ್ರಶ್ನೆಯನ್ನು ನಾವು ಪಕ್ಕಕ್ಕೆ ಸರಿಸುವ ಹಾಗಿಲ್ಲ.

ಹಾಗಾಗಿ ನನ್ನ ಅಭಿಪ್ರಾಯ ಇಷ್ಟೆ. ಎಷ್ಟು ದುಡ್ಡು, ಲೋಗೋ ಎಲ್ಲಿ, ಎಷ್ಟು ಟಿಕೆಟ್, ಕೃತಿಯ ಆಯ್ಕೆಯಲ್ಲಿ ತಲೆ ಹಾಕುವಂತಿಲ್ಲ, ಹೆಸರು ಕೆಟ್ಟರೆ ಎದ್ದು ಹೋಗುವ ದಾರಿ ಯಾವುದು: ಎಲ್ಲವೂ ಕಾಗದದ ಮೇಲೆ ಬರಬೇಕು, ಆ ಕಾಗದ ಜನರ ಕಣ್ಣಿಗೂ ಬೀಳಬೇಕು. ಮಧ್ಯದಲ್ಲಿ ನಿಂತ ಸಂಸ್ಥೆ ಇದಕ್ಕೆ ಪಟ್ಟು ಹಿಡಿಯದೆ ಸುಮ್ನೆ ಕೈಕುಲುಕಿಸಿ ಹೋದರೆ ನಿಮ್ಮ ಸಿಟ್ಟು ನನ್ನದೂ ಹೌದು.

ಸಣ್ಣ ತಂಡಗಳ ಬಗ್ಗೆ ಕೇಳಿದ್ದೀರಿ. ಅಲ್ಲಿ ಸಾಧನೆ ಕಡಿಮೆಯೇ. ಕಂಪನಿಗಳ ದುಡ್ಡು ಜಾಸ್ತಿ ಹರಿದದ್ದು ಲಂಡನ್ನಿಗೆ, ದೊಡ್ಡ ಸಂಸ್ಥೆಗಳಿಗೆ. 2010ರಲ್ಲಿ ಸರ್ಕಾರ, ಕಲೆಗೆ ಸರ್ಕಾರಿ ದುಡ್ಡು ಹಂಚುವ ಆರ್ಟ್ಸ್ ಕೌನ್ಸಿಲ್ ಇಂಗ್ಲೆಂಡ್‌ನ ಅನುದಾನವನ್ನು ಸುಮಾರು ಶೇ 30ರಷ್ಟು ಕತ್ತರಿಸಿತು. ಕಲೆಗೆ ಖಾಸಗಿಯವರು ಹೆಚ್ಚು ಕೊಡಲಿ ಅನ್ನುತ್ತಿದ್ದ ಸರ್ಕಾರವೇ ಅದು. ಆ ಕತ್ತರಿಗೆ ಸಿಕ್ಕವರಲ್ಲಿ ಆರ್ಟ್ಸ್ ಅಂಡ್ ಬಿಸಿನೆಸ್ಸೂ ಒಂದು. ಕೊನೆಗೆ ಅದು ‘ಬಿಸಿನೆಸ್ ಇನ್ ದ ಕಮ್ಯುನಿಟಿ’ ಅನ್ನುವ ಇನ್ನೊಂದು ದತ್ತಿ ಸಂಸ್ಥೆಯಲ್ಲಿ ವಿಲೀನವಾಯಿತು. ವೇಲ್ಸ್, ಸ್ಕಾಟ್ಲೆಂಡ್, ಉತ್ತರ ಐರ್ಲೆಂಡಿನ ಶಾಖೆಗಳು ಮಾತ್ರ ಸ್ವತಂತ್ರವಾಗಿ ಮುಂದುವರಿದವು. ಊರೂರಿನ ಸಣ್ಣ ಕಂಪನಿಯನ್ನು ಅದೇ ಊರಿನ ಸಣ್ಣ ತಂಡಕ್ಕೆ ಜೋಡಿಸುವುದು ಅಂಥ ಕಡೆ ಸುಲಭ ಅಂತ ನನ್ನ ಲೆಕ್ಕ.