ಭಟ್ಕಳದಂಥ ಸಣ್ಣ ಊರು ಒಂದು ಕಾಲದಲ್ಲಿ ಅಷ್ಟು ದೊಡ್ಡ ಬಂದರು ಆಗಿದ್ದು ಹೇಗೆ? ಈಗ ಅಲ್ಲಿ ನೋಡಲು ಏನಿದೆ?
ಮುಖ್ಯ ಕಾರಣ ಕುದುರೆ. ವಿಜಯನಗರದ ಸೈನ್ಯಕ್ಕೆ ಒಳ್ಳೆಯ ಕುದುರೆಗಳು ಜಾಸ್ತಿ ಬೇಕಿತ್ತು. ನಮ್ಮ ಹವೆ, ಮೇವಿನಲ್ಲಿ ಆ ತಳಿಗಳು ಚೆನ್ನಾಗಿ ಬೆಳೆಯುತ್ತಿರಲಿಲ್ಲ. ಹಾಗಾಗಿ ಅರಬ್ ಮತ್ತು ಪರ್ಷಿಯಾ ಕಡೆಯಿಂದ ವರ್ಷವರ್ಷವೂ ಹಡಗಿನಲ್ಲಿ ತರಿಸಲೇಬೇಕಿತ್ತು. ಭಟ್ಕಳದಲ್ಲಿ ಇಳಿದ ಕುದುರೆಗಳು ಘಟ್ಟ ಹತ್ತಿ ರಾಜಧಾನಿಗೆ ಹೋಗುತ್ತಿದ್ದವು. ಇಲ್ಲಿಂದ ಹೊರಗೆ ಹೋಗುತ್ತಿದ್ದದ್ದು ಅಕ್ಕಿ, ಸಕ್ಕರೆ, ಮೆಣಸು. ಊರಿನ ನವಾಯತ ಮುಸ್ಲಿಂ ಸಮುದಾಯದ ಬೇರುಗಳೂ ಈ ಸಮುದ್ರ ವ್ಯಾಪಾರದಲ್ಲೇ ಇವೆ.

1510ರಲ್ಲಿ ಪೋರ್ಚುಗೀಸರು ಗೋವಾ ಹಿಡಿದರು. ಕುದುರೆ ಹಡಗುಗಳು ಗೋವಾಕ್ಕೇ ಬರಬೇಕು ಎಂದು ಒತ್ತಾಯಿಸಿದರು. 1565ರ ನಂತರ ವಿಜಯನಗರವೂ ಕುಸಿಯಿತು. ಕೊಳ್ಳುವವರೇ ಇಲ್ಲದ ಮೇಲೆ ಬಂದರು ಸೊರಗದೆ ಇರುತ್ತದೆಯೇ?

ನೋಡಲು ಹೋದರೆ ಕೇತಪೈ ನಾರಾಯಣ ದೇವಸ್ಥಾನವನ್ನು ಮಾತ್ರ ಬಿಡಬೇಡಿ. ಹೊರಗೋಡೆಯ ರಾಮಾಯಣದ ಕೆತ್ತನೆಗಳನ್ನು ನಿಧಾನವಾಗಿ ನೋಡಿ. ಮಾಡನ್ನೂ ಗಮನಿಸಿ: ಕರಾವಳಿಯ ಮಳೆ ಜಾರಿಹೋಗಲೆಂದು ಕಲ್ಲಿನ ಚಪ್ಪಡಿಗಳನ್ನೇ ಇಳಿಜಾರಾಗಿ ಹೊದಿಸಿದ್ದಾರೆ. ಜಟ್ಟಪ್ಪ ನಾಯಕನ ಚಂದ್ರನಾಥೇಶ್ವರ ಬಸದಿಯಲ್ಲೂ ಇದೇ ಜಾಣ್ಮೆ ಕಾಣುತ್ತದೆ. ಹೆಚ್ಚಿನವರು ಸೀದಾ ಮುರ್ಡೇಶ್ವರಕ್ಕೆ ಹೋಗಿಬಿಡುತ್ತಾರೆ. ಅದೂ ಇದೇ ತಾಲ್ಲೂಕು, ಆದರೆ ಮೊದಲ ಅರ್ಧ ದಿನ ಭಟ್ಕಳಕ್ಕೇ ಕೊಡಿ.